ಬರೀ ನೆಗಡಿ ಅದರಿ

ಮುಂಬೈಯಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಮಕ್ಕಳ ಅಸ್ಥಿಮಜ್ಜೆ ಕಸಿ ವಾರ್ಡಿನ ಬಾಗಿಲಲ್ಲಿ ಜಗಳ ಶುರು. ಮೂಗು ಸೋರುವ ಸೋದರಮಾವನೊಬ್ಬ ಒಳಗೆ ಬಿಡಿ ಅಂತಾನೆ. ನಾನು ಆಗಲ್ಲ ಅಂತೀನಿ. 'ಜ್ವರ ಇಲ್ಲ ಡಾಕ್ಟ್ರೇ, ಬರೀ ನೆಗಡಿ.'

ಆ 'ಬರೀ' ಕೇಳಿದರೆ ನನಗೆ ಮೈ ಉರಿಯುತ್ತದೆ.

ನಿಮ್ಮ ನೆಗಡಿ ಐದಾರು ದಿನಕ್ಕೆ ಹೋಗುವುದು ವೈರಸ್ ಬಡಪಾಯಿ ಅಂತಲ್ಲ. ನಿಮ್ಮೊಳಗಿನ ಟಿ ಸೆಲ್‌ಗಳು ಸೋಂಕು ತಗುಲಿದ ಜೀವಕೋಶಗಳನ್ನು ಹುಡುಕಿ ಕೊಲ್ಲುತ್ತವೆ, ಅದಕ್ಕೆ. ಸ್ಕಿಡ್ ಎಂಬ ಕಾಯಿಲೆಯೊಂದಿಗೆ ಹುಟ್ಟಿದ ಮಗುವಿಗೆ ಕೆಲಸಕ್ಕೆ ಬರುವ ಟಿ ಸೆಲ್‌ಗಳೇ ಇರುವುದಿಲ್ಲ. ಅದೇ ವೈರಸ್ ಮೂಗಿನಿಂದ ಶ್ವಾಸಕೋಶಕ್ಕೆ ಇಳಿದು ತಿಂಗಳುಗಟ್ಟಲೆ ಕೂತುಬಿಡಬಹುದು. ನಿಮಗೆ ಸೀನು ತರಿಸುವುದು, ಮಗುವಿಗೆ ನ್ಯುಮೋನಿಯಾ ತರಿಸುವುದು ಒಂದೇ ವೈರಸ್. ಮತ್ತೆ ಹೇಳ್ತೀನಿ, ಒಂದೇ. ಜ್ವರ ಇಲ್ಲ ಅಂದರೆ ವೈರಸ್ ಇಲ್ಲ ಅಂತಲ್ಲ.

ಸ್ಕಿಡ್ ಇದ್ದ, ಕಲಬುರಗಿ ಕಡೆಯ ಏಳು ತಿಂಗಳ ಹುಡುಗನೊಬ್ಬನಿದ್ದ. ಅಪ್ಪ ಅಮ್ಮ ಪರೇಲಿನಲ್ಲಿ ಖೋಲಿ ಹಿಡಿದಿದ್ದರು. ಅಜ್ಜಿ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದರು. ನರ್ಸಿಗೆ ನೆಗಡಿಯ ಸುದ್ದಿ ಹೇಳಲಿಲ್ಲ. ಗಾಜಿನಾಚೆಯಿಂದ ನೋಡುತ್ತಿದ್ದೆ. ಮಾಸ್ಕ್ ಗದ್ದಕ್ಕೆ ಇಳಿಯಿತು, ಸೀನಿದರು, ಸೆರಗಿನಿಂದ ಮೂಗು ಒರೆಸಿಕೊಂಡರು. ಮಗು ಜೊಲ್ಲು ಸುರಿಸಿತು. ಅದೇ ಸೆರಗಿನ ಅದೇ ತುದಿಯಿಂದ ಒರೆಸಿದರು. ನಾನು ಬಾಗಿಲು ತಳ್ಳುವಷ್ಟರಲ್ಲಿ ಆಗಿಹೋಗಿತ್ತು. 'ಬರೀ ನೆಗಡಿ ಅದರಿ' ಅಂದರು, ಪಾಪ.

ನಾಲ್ಕನೇ ದಿನ ಹುಡುಗನಿಗೆ ಕೆಮ್ಮು. ಪ್ಯಾರಾಇನ್‌ಫ್ಲುಯೆಂಜಾ 3, ನೆಗಡಿ ತರಿಸುವ ಒಂದು ವೈರಸ್. ಅಜ್ಜಿಯಿಂದಲೇ ಬಂತು ಅಂತ ನಾನು ಆಣೆ ಮಾಡಿ ಹೇಳಲಾರೆ.

ಮನೆಯವರು ಔಷಧಿ ಕೊಡಿ ಅಂದರು. ಫ್ಲೂಗೆ ಒಸೆಲ್ಟಾಮಿವಿರ್ ಇದೆ. ಅಡಿನೋವೈರಸ್‌ಗೆ ಸಿಡೊಫೊವಿರ್ ಕೊಡ್ತೀವಿ, ಕಿಡ್ನಿ ಮೇಲೆ ಕಣ್ಣಿಟ್ಟು. ಆರ್‌ಎಸ್‌ವಿ ಎಂಬ ಇನ್ನೊಂದು ಶ್ವಾಸಕೋಶದ ವೈರಸ್ಸಿಗೆ ರಿಬಾವಿರಿನ್ ಕೊಡುವುದುಂಟು, ಪುರಾವೆ ಅಷ್ಟಕ್ಕಷ್ಟೇ. ಈ ಹುಡುಗನಿಗೆ ಬಂದ ವೈರಸ್ಸಿಗೆ ಖಾತ್ರಿಯ ಮದ್ದೇ ಇಲ್ಲ. ಆಕ್ಸಿಜನ್, ಡ್ರಿಪ್‌ನಲ್ಲಿ ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ), ಅಷ್ಟೇ.

ಬೇರೆ ಕಾಯಿಲೆಯ ಮಕ್ಕಳಾದರೆ ಸಾಮಾನ್ಯವಾಗಿ ವೈರಸ್ ಹೋಗುವವರೆಗೆ ಕಸಿ ಮುಂದೂಡುತ್ತೇವೆ. ಸ್ಕಿಡ್ ಮಗುವಿನಲ್ಲಿ ಅದನ್ನು ಓಡಿಸುವ ಸೆಲ್‌ಗಳು ಬರಬೇಕಾದ್ದೇ ಕಸಿಯಿಂದ. ಕಾದರೆ ವೈರಸ್ ಹೋಗುತ್ತೆ ಅಂತಿಲ್ಲ, ಕಾಯದಿದ್ದರೆ ಶ್ವಾಸಕೋಶ ಕಸಿಯನ್ನು ತಾಳಿಕೊಂಡೀತು ಅಂತಿಲ್ಲ. ಪ್ರತಿ ಸಲ ಕೂತು ವಾದ ಮಾಡ್ತೀವಿ. ಕಸಿಯಾದ ಮೇಲೂ ಟಿ ಸೆಲ್ ಬೆಳೆಯಲು ತಿಂಗಳುಗಳು ಬೇಕು. ಹೊಸ ಸೆಲ್‌ಗಳು ಬಂದು ಕೆಲಸ ಶುರು ಮಾಡಿದಾಗ ಉಸಿರಾಟ ಕೆಲವು ದಿನ ಇನ್ನೂ ಕೆಡುವುದೂ ಉಂಟು. ಆಗ ಮನೆಯವರು ನಮ್ಮನ್ನು ಬೈತಾರೆ.

ಈ ಹುಡುಗನಿಗೆ ಮೂರು ವಾರ ಕಾದು, ಅಮ್ಮನ ಮಜ್ಜೆ ಹಾಕಿದೆವು. ಅಜ್ಜಿ ಮತ್ತೆ ವಾರ್ಡಿಗೆ ಬರಲಿಲ್ಲ. ಖೋಲಿಯಿಂದಲೇ ವಿಡಿಯೋ ಕಾಲ್ ಮಾಡೋರು, ಮೂಗು ಬಾಯಿ ಪೂರ್ತಿ ಮುಚ್ಚುವಂತೆ ಮಾಸ್ಕ್ ಹಾಕಿಕೊಂಡು. 'ಫೋನಿನಲ್ಲಿ ಬೇಡ ಅಜ್ಜಿ' ಅಂದೆ. 'ಇರ್ಲಿ ಬಿಡ್ರಿ' ಅಂದರು. ತೆಗೆಯಲಿಲ್ಲ.