ವಂಕಿ ಹಾಕಿಸೋಕೆ ಇನ್ಶೂರೆನ್ಸ್ ಬೇಕಾ, ಗಂಡನ ಸಹಿ ಬೇಕಾ?

ಪ್ರಶ್ನೆ: ಎರಡನೇ ಮಗು ಸದ್ಯಕ್ಕೆ ಬೇಡ, ವಂಕಿ (ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಹಾಕಿಸೋಣ ಅಂತಿದ್ದೇನೆ. ಕಂಪನಿ ಕೊಟ್ಟ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಕ್ಲೇಮ್ ಆಗುತ್ತಾ? ನನ್ನ ತಂಗಿಗೆ ಇನ್ಶೂರೆನ್ಸೇ ಇಲ್ಲ, ಅವಳೇನು ಮಾಡಬೇಕು? ಗಂಡನ ಸಹಿ ಬೇಕಂತೆ, ಅವರು ಇರೋದು ಬೆಂಗಳೂರಿನಲ್ಲಿ. (ಮಂಡ್ಯದ ಓದುಗರು)

ಕ್ಲೇಮ್ ಸಾಮಾನ್ಯವಾಗಿ ಆಗುವುದಿಲ್ಲ. ನಿಮ್ಮ ಪಾಲಿಸಿಯಲ್ಲಿ ‘ಇವಕ್ಕೆ ಹಣ ಕೊಡುವುದಿಲ್ಲ’ ಎಂಬ ಪಟ್ಟಿ ನೋಡಿ. ಗರ್ಭನಿರೋಧಕ, ಸಂತಾನಹರಣ ಆಪರೇಷನ್, ಬಂಜೆತನದ ಚಿಕಿತ್ಸೆ ಮೂರೂ ಅಲ್ಲೇ ಇರುತ್ತವೆ. ಕೆಲವು ಕಂಪನಿಗಳು ಬೇರೆ ಒಪ್ಪಂದ ಮಾಡಿಕೊಂಡಿರಬಹುದು, ಎಚ್‌ಆರ್ ಹತ್ತಿರ ಒಮ್ಮೆ ಕೇಳಿ.

ಹಾಗಾಗಿ ಈ ವಿಷಯದಲ್ಲಿ ನೀವೂ ನಿಮ್ಮ ತಂಗಿಯೂ ಒಂದೇ. ಇಬ್ಬರೂ ಸರ್ಕಾರಿ ಆಸ್ಪತ್ರೆಗೆ ಹೋಗಿ: ಮಂಡ್ಯದಲ್ಲಿ ಮಿಮ್ಸ್, ಮೈಸೂರಲ್ಲಿ ಚೆಲುವಾಂಬ, ಇಲ್ಲವೇ ಹತ್ತಿರದ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ). ಕಾಪರ್-ಟಿ ಉಚಿತ. ಅದರಲ್ಲಿ ಎರಡು ಬಗೆ: 380ಎ ಹತ್ತು ವರ್ಷ, 375 ಐದು ವರ್ಷ ಬರುತ್ತದೆ. ಮೂರು ತಿಂಗಳಿಗೊಂದು ‘ಅಂತರ’ ಇಂಜೆಕ್ಷನ್, ‘ಛಾಯಾ’ ಮಾತ್ರೆ, ಮಾಲಾ-ಎನ್ ಮಾತ್ರೆ, ನಿರೋಧ್ (ಕಾಂಡೋಮ್) ಕೂಡ ಉಚಿತ. ಇದಕ್ಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ. ಚೀಟಿ ಮಾಡಿಸಲು ಚಿಲ್ಲರೆ ಇಟ್ಟುಕೊಳ್ಳಿ, ಅಷ್ಟೇ. ಅಂದಹಾಗೆ, ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಿತು. ಚೆಲುವಾಂಬ ಆಸ್ಪತ್ರೆಯಲ್ಲೂ ಒಂದಿತ್ತು. ನಮ್ಮೂರಿನ ಬಗ್ಗೆ ಇಷ್ಟು ಜಂಬ ಇರಲಿ.

ಇನ್ನು ಸಹಿ. ಎಷ್ಟು ಸಲ ಬರೆದರೂ ಈ ಪ್ರಶ್ನೆ ವಾಪಸ್ ಬರುತ್ತದೆ. ಬೇಡ, ಬೇಡ, ಬೇಡ. ವಂಕಿ ಹಾಕುವುದು ನಿಮ್ಮ ದೇಹಕ್ಕೆ. ವಯಸ್ಕರಾದ ನಿಮ್ಮ ಒಪ್ಪಿಗೆ ಸಾಕು. ವಂಕಿ ಬಿಡಿ, ಶಾಶ್ವತ ಆಪರೇಷನ್‌ಗೂ ಸಂಗಾತಿಯ ಒಪ್ಪಿಗೆ ಬೇಕಿಲ್ಲ ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಗರ್ಭಪಾತಕ್ಕೂ ಅಷ್ಟೇ. 1971ರ ಕಾನೂನಿನಲ್ಲಿ 18 ತುಂಬಿದ ಹೆಣ್ಣಿನ ಸಹಿ ಮಾತ್ರ ಕೇಳಿದ್ದಾರೆ, ಗಂಡನ ಸಹಿ ಕೇಳಿಲ್ಲ.

ಮತ್ತೆ ಈ ಮಾತು ಹುಟ್ಟಿದ್ದೆಲ್ಲಿಂದ? ಕೆಲವು ಕಡೆ ಆಸ್ಪತ್ರೆಯವರೇ ಕೇಳುತ್ತಾರೆ. ನಾಳೆ ಗಂಡನೋ ಅತ್ತೆಯೋ ಬಂದು ಜಗಳ ತೆಗೆದರೆ ಅಂತ ಅವರಿಗೆ ಭಯ. ಅದು ಅವರ ಭಯ, ಕಾನೂನಲ್ಲ. ಫಾರಂನಲ್ಲಿರುವ ಸಾಕ್ಷಿ ಸಹಿಯನ್ನೂ ಜನ ಗಂಡನ ಸಹಿ ಅಂದುಕೊಳ್ಳುತ್ತಾರೆ. ಸಾಕ್ಷಿಗೆ ನಿಮ್ಮ ಅಕ್ಕ ಬಂದರೂ ಆಯಿತು. ಯಾರಾದರೂ ‘ಯಜಮಾನರನ್ನ ಕರ್ಕೊಂಡ್ ಬನ್ನಿ’ ಅಂದರೆ, ‘ಯಾವ ರೂಲ್‌ನಲ್ಲಿದೆ ತೋರಿಸಿ ಮೇಡಂ’ ಅನ್ನಿ. ಕೂಗಾಡಬೇಡಿ, ಸುಮ್ನೆ ಕೇಳಿ. ಆಗದಿದ್ದರೆ ವೈದ್ಯಾಧಿಕಾರಿ ಹತ್ತಿರ ಹೋಗಿ. ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಕೆಲಸ ಇನ್ನೂ ಸಲೀಸು. ಮನೆಯಲ್ಲಿ ಗಂಡನ ಜೊತೆ ಮಾತಾಡಿಕೊಂಡರೆ ಒಳ್ಳೆಯದೇ, ಆದರೆ ಅದು ಸಂಸಾರದ ವಿಷಯ, ಫಾರಂನದ್ದಲ್ಲ.

ಗಂಡಸರ ಆಪರೇಷನ್‌ಗೆ ಹೆಂಡತಿ ಸಹಿ ಬೇಕಾ ಅಂತ ಮಾತ್ರ ಯಾರೂ ಕೇಳಲ್ಲ, ಅಲ್ವಾ? ಅದಕ್ಕೂ ಬೇಡ. ಗಂಡಸರು ಆ ಕಡೆ ಹೋಗುವುದೇ ಅಪರೂಪ, ಹಾಗಾಗಿ ಪ್ರಶ್ನೆಯೂ ಇಲ್ಲ. ನೋ-ಸ್ಕಾಲ್ಪೆಲ್ (ಚಾಕುವಿನಿಂದ ಕೊಯ್ಯದ) ವಿಧಾನದಲ್ಲಿ ಹೊಲಿಗೆ ಹಾಕುವುದಿಲ್ಲ, ಅವತ್ತೇ ಮನೆಗೆ ಹೋಗಬಹುದು. ಇದೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಹೆಂಗಸರ ಆಪರೇಷನ್‌ನಷ್ಟು ರಗಳೆ ಇಲ್ಲ. ಆದರೆ ಮಾಡಿಸಿಕೊಂಡ ತಕ್ಷಣ ನಿಶ್ಚಿಂತೆಯಿಂದ ಇರಬೇಡಿ. ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ, ಡಾಕ್ಟರು ಸರಿ ಅಂದ ಮೇಲೆ ನಿಲ್ಲಿಸಿ.