ನಮ್ಮ ಬೀದಿಯ ನೀರು ತುಂಗೆ ಸೇರುವ ದಾರಿ

ಮೇ ಕೊನೆಯಲ್ಲಿ ಶಿವಮೊಗ್ಗದ ಬಡಾವಣೆಗಳಲ್ಲಿ ಒಮ್ಮೆ ಓಡಾಡಿ ನೋಡಿ. ಚರಂಡಿಯಿಂದ ಎತ್ತಿದ ಹೂಳು ರಸ್ತೆ ಅಂಚಿನಲ್ಲೇ ಗುಡ್ಡೆ ಬಿದ್ದಿರುತ್ತದೆ. ಕರಿ ಮಣ್ಣು, ಪ್ಲಾಸ್ಟಿಕ್ ಕವರ್, ಎಳನೀರಿನ ಬುರುಡೆ. ಅದನ್ನು ಸಾಗಿಸಲು ಟ್ರ್ಯಾಕ್ಟರ್ ಬರುವುದರೊಳಗೆ ಒಂದು ಜೋರು ಮಳೆ ಹೊಡೆದರೆ ಅರ್ಧ ಹೂಳು ಮತ್ತೆ ಚರಂಡಿಗೇ ಇಳಿಯುತ್ತದೆ.

ಬೀದಿಯಲ್ಲಿ ಮಾತು ಶುರುವಾಗುವುದು ಆಗಲೇ. ಹೊಸ ಬಾಕ್ಸ್ ಚರಂಡಿ ಮಾಡಿಸಿ ಅನ್ನುವವರು ಕೆಲವರು. ಇರುವುದನ್ನೇ ನೆಟ್ಟಗೆ ಕ್ಲೀನ್ ಮಾಡಿಸಿದರೆ ಸಾಕು ಅನ್ನುವವರು ಕೆಲವರು. ರಸ್ತೆಯನ್ನು ಇನ್ನು ಎತ್ತರ ಮಾಡಬೇಡಿ, ನೀರು ಮನೆಯೊಳಗೆ ಬರುತ್ತದೆ ಎಂದು ಕೈಮುಗಿಯುವವರು ಇನ್ನು ಕೆಲವರು. ಪಾಲಿಕೆಯ ಕಡೆಯಿಂದ ಅನುದಾನ, ಎಸ್ಟಿಮೇಟ್, ಟೆಂಡರ್ ಎಂಬ ಉತ್ತರ ಬರುತ್ತದೆ. ಜೊತೆಗೆ, ಚರಂಡಿ ಮೇಲೆ ನೀವು ಹಾಕಿಕೊಂಡ ರ‍್ಯಾಂಪ್ ಮೊದಲು ತೆಗೆಯಿರಿ ಅನ್ನುವ ಮಾತೂ ಬರುತ್ತದೆ. ಅದೂ ಸುಳ್ಳಲ್ಲ.

ಈ ಮಾತುಕತೆಯನ್ನು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಇದರಲ್ಲಿ ಒಂದು ಪ್ರಶ್ನೆ ಮಾತ್ರ ಅಪರೂಪಕ್ಕೆ ಬರುತ್ತದೆ. ಈ ಚರಂಡಿ ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ? ಆ ಪ್ರಶ್ನೆ ಹೇಗೆ ಮರೆತುಹೋಯಿತು ಎಂದು ತಿಳಿಯಬೇಕಾದರೆ ಊರು ಬೆಳೆದ ಕ್ರಮವನ್ನು ನೋಡಬೇಕು.

ಶಿವಮೊಗ್ಗದಲ್ಲಿ ಮಲೆನಾಡಿನ ಒಳಗಿನಷ್ಟು ಮಳೆ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಸುರಿದರೆ, ನಗರದಲ್ಲಿ ಬೀಳುವುದು ಅದರ ಒಂದು ಸಣ್ಣ ಪಾಲು. ಆದರೆ ಮಲೆನಾಡಿನ ಮಳೆಯ ನೀರು ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು ದಾಟಿ ಬರುವುದು ನಮ್ಮ ಊರಿನ ಮಧ್ಯಕ್ಕೇ. ಇಲ್ಲಿ ಬಿಸಿಲಿದ್ದರೂ ತುಂಗಾ ಹೊಳೆ ತುಂಬಿ ಹರಿಯುವುದನ್ನು ನಾವೆಲ್ಲ ನೋಡಿದ್ದೇವೆ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ಮುಳುಗಿತಾ ಅಂತ ವಿಚಾರಿಸುವುದು ಊರಿನ ಹಳೆಯ ರೂಢಿ. ಮಂಟಪ ಮುಳುಗುವಷ್ಟು ನೀರು ಬಂದಾಗ ತಗ್ಗಿನ ಚರಂಡಿಗಳ ಬಾಯಿಯೂ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗುತ್ತದೆ. ಆಮೇಲೆ ಚರಂಡಿ ಎಷ್ಟು ಚೊಕ್ಕಟವಾಗಿದ್ದರೂ ನೀರು ಹಿಂದಕ್ಕೆ ಒತ್ತುತ್ತದೆ.

ಹಳೆಯ ಊರು ಕೋಟೆ, ಗಾಂಧಿ ಬಜಾರ್ ಸುತ್ತ ಹೊಳೆಯ ಪಕ್ಕದಲ್ಲೇ ಇತ್ತು. ನೀರಿಗೆ ಹೋಗಬೇಕಾದ ದೂರವೂ ಕಡಿಮೆ ಇತ್ತು. ಕುಂಬಾರಗುಂಡಿ ಎಂಬ ಹೆಸರಿನಲ್ಲೇ ಗುಂಡಿ ಇದೆ, ಟ್ಯಾಂಕ್ ಮೊಹಲ್ಲಾ ಎಂಬ ಹೆಸರಿನಲ್ಲಿ ಕೆರೆ ಇದೆ. ನೆಲದ ಏರುತಗ್ಗು ಗೊತ್ತಿದ್ದವರು ಇಟ್ಟ ಹೆಸರುಗಳಿವು ಅನ್ನಿಸುತ್ತದೆ.

ಕಳೆದ ಶತಮಾನದ ನಡುವಿನಲ್ಲಿ ಗಾಜನೂರಿನಲ್ಲಿ ತುಂಗೆಗೆ ಅಣೆಕಟ್ಟು ಬಂತು. ಎಡದಂಡೆ, ಬಲದಂಡೆ ನಾಲೆಗಳು ಗದ್ದೆ ತೋಟಗಳಿಗೆ ನೀರು ಒಯ್ದವು. ಈ ನಾಲೆಯನ್ನೇ ನಾವು ಚಾನಲ್ ಅನ್ನುವುದು. ನಾಲೆ ಹರಿಯುವುದು ನೆಲದ ಎತ್ತರ ಕಾಯ್ದುಕೊಂಡು, ಇಳಿಜಾರಿಗೆ ಅಡ್ಡವಾಗಿ. ಮಳೆ ನೀರು ಇಳಿಯುವುದು ಇಳಿಜಾರಿನ ಉದ್ದಕ್ಕೆ. ಎರಡೂ ಸೇರುವ ಕಡೆಯಲ್ಲೆಲ್ಲ ಮಳೆ ನೀರಿಗೆ ನಾಲೆಯ ಕೆಳಗೋ ಮೇಲೋ ದಾಟುವ ದಾರಿ ಬೇಕು. ಸುತ್ತ ಗದ್ದೆ ಇದ್ದಾಗ ಅಲ್ಲಿ ಸ್ವಲ್ಪ ನೀರು ನಿಂತರೂ ಯಾರಿಗೂ ತೊಂದರೆ ಇರಲಿಲ್ಲ. ಗದ್ದೆ ಸೈಟ್ ಆದ ಮೇಲೆ ಅದೇ ಜಾಗದಲ್ಲಿ ಮನೆಯ ಅಡಿಗೆಮನೆ ಇದೆ.

ಬಡಾವಣೆಗಳು ಒಂದೊಂದಾಗಿ ಬಂದವು. ಕೆಲವು ನಗರಾಭಿವೃದ್ಧಿ ಪ್ರಾಧಿಕಾರದವು, ಕೆಲವು ಗೃಹಮಂಡಳಿಯವು, ಬಹಳಷ್ಟು ಖಾಸಗಿಯವು. ಲೇಔಟ್ ಮಾಡುವವರು ತಮ್ಮ ಗಡಿಯೊಳಗೆ ರಸ್ತೆ, ಚರಂಡಿ, ಪಾರ್ಕು ತೋರಿಸಬೇಕು. ಗಡಿಯ ಆಚೆ ಆ ಚರಂಡಿಯ ನೀರು ಹಿಡಿಯುವ ಕಾಲುವೆ ಇದೆಯಾ ಎಂಬುದು ಪಕ್ಕದ ಲೇಔಟಿನ ಪಾಲಿಗೆ ಬಿಟ್ಟ ಮಾತಾಯಿತು. ಕೆರೆಯಿಂದ ಕೆರೆಗೆ, ಹಳ್ಳದಿಂದ ಹೊಳೆಗೆ ಇದ್ದ ರಾಜಕಾಲುವೆಗಳು ನಕ್ಷೆಯಲ್ಲಿ ಅಗಲವಾಗಿವೆ, ನೆಲದ ಮೇಲೆ ಕಿರಿದಾಗಿವೆ. ಬಡಾವಣೆಯನ್ನು ಪಾಲಿಕೆಗೆ ಹಸ್ತಾಂತರ ಮಾಡದೆ ಉಳಿದರೆ ಇನ್ನೊಂದು ಕಷ್ಟ. ದೂರು ಹಿಡಿದುಕೊಂಡು ಹೋದರೆ, ಅದು ಇನ್ನೂ ನಮಗೆ ಬಂದಿಲ್ಲ ಎಂಬ ಉತ್ತರ ಸಿಗುತ್ತದೆ. ತೆರಿಗೆ ಕಟ್ಟಿದವರಿಗೆ ಈ ಉತ್ತರ ಎಷ್ಟು ನೋವು ಕೊಡುತ್ತದೆ ಎಂಬುದನ್ನು ಕೇಳಿಸಿಕೊಂಡವರೇ ಬಲ್ಲರು.

ಇಲ್ಲಿ ಕನ್ಸರ್ವೆನ್ಸಿ ಗಲ್ಲಿಗಳ ಬಗ್ಗೆ ಹೇಳಲೇಬೇಕು. ದುರ್ಗಿಗುಡಿಯ ಕಡೆ, ಹಳೆಯ ಬಡಾವಣೆಗಳಲ್ಲಿ, ಎರಡು ಸಾಲು ಮನೆಗಳ ಬೆನ್ನಿನ ನಡುವೆ ಇರುವ ಕಿರುದಾರಿಗಳಿವು. ಮನೆಯ ಹಿಂದಿನ ಪಾಯಿಖಾನೆಯಿಂದ ಮನುಷ್ಯರೇ ಮಲ ಬಳಿದು, ಹೊತ್ತು ಒಯ್ಯುತ್ತಿದ್ದ ಕಾಲದಲ್ಲಿ ಅವರು ಮುಂಬಾಗಿಲ ಬೀದಿಯಲ್ಲಿ ಕಾಣಬಾರದೆಂದು ಇಂಥ ದಾರಿ ಬಿಡುತ್ತಿದ್ದರು. 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶಕ್ಕೆಲ್ಲ ಅನ್ವಯಿಸುವ ಬಲವಾದ ಕಾನೂನು ಬಂದಿದ್ದು 2013ರಲ್ಲಿ. ಚರಂಡಿಯ ಇತಿಹಾಸ ಅಂದರೆ ಬರೀ ಸಿಮೆಂಟಿನ ಇತಿಹಾಸ ಅಲ್ಲ. ಯಾರ ಕೈ ಅದರೊಳಗೆ ಇಳಿಯಿತು ಎಂಬುದೂ ಅದರಲ್ಲಿದೆ. ಇವತ್ತಿಗೂ ನಮ್ಮ ಚರಂಡಿ ಕಟ್ಟಿಕೊಂಡಾಗ ಮೊದಲು ಬರುವುದು ಪೌರಕಾರ್ಮಿಕರೇ. ಅವರಿಗೆ ಗ್ಲೌಸ್, ಬೂಟು, ಯಂತ್ರ ಇದೆಯಾ ಎಂದು ಬೀದಿಯವರು ಕೇಳಬೇಕು. ಅದು ಕೂಡ ಚರಂಡಿಯದೇ ಪ್ರಶ್ನೆ.

ಮಲ ಹೊರುವ ಪದ್ಧತಿ ಹೋದ ಮೇಲೆ ಶೌಚದ ಗುಂಡಿ, ಅಂದರೆ ಪಿಟ್ ಬಂತು, ಆಮೇಲೆ ಯುಜಿಡಿ, ಅಂದರೆ ಒಳಚರಂಡಿ ಬಂತು. ನೆಲದಡಿಯ ಪೈಪು ಶೌಚಾಲಯ, ಬಚ್ಚಲಿನ ನೀರಿಗೆ. ರಸ್ತೆ ಬದಿಯ ಚರಂಡಿ ಮಳೆ ನೀರಿಗೆ. ಲೆಕ್ಕ ಸರಳ. ಆದರೆ ನಡೆಯುವುದು ಬೇರೆ. ಯುಜಿಡಿ ಸಂಪರ್ಕ ಇಲ್ಲದ ಮನೆಗಳ ಬಚ್ಚಲ ನೀರು ರಸ್ತೆ ಚರಂಡಿಗೆ ಬೀಳುತ್ತದೆ, ಅಲ್ಲಿಂದ ನೇರ ತುಂಗೆಗೆ. ಸಂಪರ್ಕ ಇರುವವರಲ್ಲಿ ಹಲವರು ತಾರಸಿಯ ಮಳೆ ನೀರಿನ ಪೈಪನ್ನೂ ಯುಜಿಡಿ ಚೇಂಬರಿಗೆ ಬಿಟ್ಟಿರುತ್ತಾರೆ. ಆ ಪೈಪು ಅಷ್ಟು ನೀರಿಗೆ ಮಾಡಿದ್ದಲ್ಲ. ಜೋರು ಮಳೆಯಲ್ಲಿ ಚೇಂಬರ್ ಮುಚ್ಚಳ ಎದ್ದು, ಕೊಳಚೆ ಎಲ್ಲ ತಗ್ಗಿನಲ್ಲಿರುವ ಮನೆಯ ಬಚ್ಚಲಿಗೆ ಬರುವುದು ಇದರಿಂದಲೇ. ಎತ್ತರದಲ್ಲಿರುವ ಮನೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ಈ ತಪ್ಪು ನಮ್ಮದು, ಪಾಲಿಕೆಯದ್ದಲ್ಲ.

ಇನ್ನು ರಸ್ತೆ. ರಸ್ತೆಯ ಮಧ್ಯ ಎತ್ತರ, ಅಂಚು ತಗ್ಗು ಇರಬೇಕು. ಒಂದು ಮೀಟರ್ ಅಗಲಕ್ಕೆ ಸುಮಾರು ಎರಡು ಸೆಂಟಿಮೀಟರ್ ಇಳಿಜಾರು. ಗಾರೆ ಕೆಲಸದವರು ವಾಟ ಅನ್ನುವುದು ಇದನ್ನೇ. ಚರಂಡಿಯ ತಳಕ್ಕೂ ವಾಟ ಬೇಕು. ಕೊಳಚೆ ನೀರು ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್ ವೇಗದಲ್ಲಾದರೂ ಹರಿದರೆ ಮಣ್ಣನ್ನು ತಾನೇ ತಳ್ಳಿಕೊಂಡು ಹೋಗುತ್ತದೆ. ಅದಕ್ಕಿಂತ ನಿಧಾನವಾದರೆ ಹೂಳು ಕೂರುತ್ತದೆ. ಹೊಸ ಚರಂಡಿಯಲ್ಲಿ ಒಂದೇ ವರ್ಷಕ್ಕೆ ಹೂಳು ತುಂಬಿದರೆ ಬರೀ ಕಸವನ್ನು ದೂರಿ ಪ್ರಯೋಜನ ಇಲ್ಲ, ತಳದ ಮಟ್ಟವನ್ನು ಅಳೆದು ನೋಡಬೇಕು. ಹಳೆಯ ರಸ್ತೆ ಅಗೆಯದೆ ಅದರ ಮೇಲೇ ಕಾಂಕ್ರೀಟ್ ಹಾಕುತ್ತಾ ಹೋದರೆ, ಪ್ರತಿ ಸಲವೂ ರಸ್ತೆ ಅಷ್ಟು ಮೇಲೆ ಬರುತ್ತದೆ. ಮೂವತ್ತು ವರ್ಷದ ಹಿಂದೆ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಇಳಿದು ಹೋಗಬೇಕು. ಆ ಮನೆಯಲ್ಲಿ ಸಾಮಾನ್ಯವಾಗಿ ವಯಸ್ಸಾದವರಿರುತ್ತಾರೆ. ಮನೆ ಎತ್ತರಿಸುವ ಶಕ್ತಿ ಅವರಿಗೆಲ್ಲಿಂದ ಬರಬೇಕು?

2016ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಮಂಗಳೂರು, ತುಮಕೂರು, ಹುಬ್ಬಳ್ಳಿ-ಧಾರವಾಡ ಕೂಡ ಅದೇ ಸುತ್ತಿನಲ್ಲಿ ಸೇರಿದವು. ಒಂದು ನಗರಕ್ಕೆ ಕೇಂದ್ರದಿಂದ ಐದು ವರ್ಷದಲ್ಲಿ 500 ಕೋಟಿ, ರಾಜ್ಯದಿಂದ ಅಷ್ಟೇ ಮೊತ್ತ ಎಂಬುದು ಯೋಜನೆ. ಇಷ್ಟು ದೊಡ್ಡ ಹಣದ ಮಾತನ್ನು ಊರು ಹಿಂದೆ ಕೇಳಿರಲಿಲ್ಲ. ರಸ್ತೆಗಳನ್ನು ಅಗೆದರು, ಫುಟ್‌ಪಾತ್, ಸೈಕಲ್ ದಾರಿ, ಚರಂಡಿ, ಕೇಬಲ್ ಪೈಪು ಬಂದವು. ಹೊಳೆಯ ದಂಡೆಯ ಕೆಲಸವೂ ನಡೆಯಿತು. ಕಸದ ತಿಪ್ಪೆಯಾಗಿದ್ದ ಕನ್ಸರ್ವೆನ್ಸಿಗಳಿಗೆ ನೆಲ ಹಾಸಿ, ಗೋಡೆಗೆ ಚಿತ್ರ ಬರೆದರು. ಅವಮಾನದ ದಾರಿಯಾಗಿದ್ದ ಗಲ್ಲಿಯಲ್ಲಿ ಈಗ ಮಕ್ಕಳು ನಡೆದು ಹೋಗುವುದನ್ನು ನೋಡಿದಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ. ಆದರೆ ಯೋಜನೆ ಆಯ್ದುಕೊಂಡಿದ್ದು ಊರಿನ ಒಂದು ಭಾಗವನ್ನು. ನೀರಿಗೆ ಅಂಥ ಗಡಿ ಇಲ್ಲ.

ಅದು ಗೊತ್ತಾಗಿದ್ದು 2019ರ ಆಗಸ್ಟಿನಲ್ಲಿ, ಆಶ್ಲೇಷ ಮಳೆಯಲ್ಲಿ. ತುಂಗೆ ತುಂಬಿ ಕುಂಬಾರಗುಂಡಿ, ಸೀಗೆಹಟ್ಟಿ, ಇಮಾಮ್‌ಬಾಡ, ವಿದ್ಯಾನಗರದ ಕಡೆ ಮನೆಗಳಿಗೆ ನೀರು ನುಗ್ಗಿತು. ಜನ ಹಾಸಿಗೆ, ಅಕ್ಕಿ ಚೀಲ, ಮಕ್ಕಳ ಪುಸ್ತಕ ಹೊತ್ತುಕೊಂಡು ಗಂಜಿ ಕೇಂದ್ರಕ್ಕೆ ಹೋದರು. ಹೊಳೆಯಿಂದ ದೂರ ಇದ್ದೇವೆ ಅಂದುಕೊಂಡಿದ್ದ ಬಡಾವಣೆಗಳಲ್ಲೂ ನೀರು ನಿಂತಿತು. ಅಲ್ಲಿಂದೀಚೆಗೆ ರಾಜಕಾಲುವೆ ಎಂಬ ಮಾತು ಬೀದಿ ಸಭೆಗಳಲ್ಲಿ ಜಾಸ್ತಿ ಕೇಳುತ್ತದೆ. ತಡೆಗೋಡೆ ಬೇಕು ಎಂಬ ಬೇಡಿಕೆಯೂ ಇದೆ. ತಡೆಗೋಡೆ ಹೊಳೆಯನ್ನು ಹೊರಗೆ ನಿಲ್ಲಿಸಬಹುದು, ಆದರೆ ಒಳಗಿನ ಮಳೆ ನೀರು ಹೊರಗೆ ಹೋಗಲು ಬಾಗಿಲು ಇಡದಿದ್ದರೆ ಅದೇ ಗೋಡೆ ಕೆರೆಯ ಏರಿಯಾಗುತ್ತದೆ.

ಈ ಮಾತುಗಳನ್ನು ಆಡಬೇಕಾದ ಜಾಗ ಯಾವುದು? 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ನಗರಕ್ಕೆ ವಾರ್ಡ್ ಸಮಿತಿ ಇರಬೇಕು. 2011ರ ಜನಗಣತಿಯಲ್ಲಿ ಶಿವಮೊಗ್ಗದ ಜನಸಂಖ್ಯೆ 3,22,650. ಅಂದರೆ ನಾವು ಆ ಗೆರೆ ದಾಟಿ ಕಾಲವಾಯಿತು. ಪಾಲಿಕೆಯ 35 ವಾರ್ಡುಗಳಿಗೆ 2018ರ ಆಗಸ್ಟ್ 31ರಂದು ಮತದಾನ ನಡೆಯಿತು. ಆ ಸದಸ್ಯರ ಅವಧಿ 2023ರ ಕೊನೆಗೆ ಮುಗಿಯಿತು. 2024ರ ಮತ್ತು 2025ರ ಮಳೆಗಾಲಗಳನ್ನು ಊರು ಕಾರ್ಪೊರೇಟರ್‌ಗಳಿಲ್ಲದೆ ಕಳೆಯಿತು. ಅಧಿಕಾರಿಗಳು ಕೆಲಸ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಮನೆಗೆ ನೀರು ಬಂದಾಗ ಬಾಗಿಲು ತಟ್ಟಬಹುದಾದ ಒಬ್ಬರು ವಾರ್ಡಿನಲ್ಲೇ ಇರುವುದು ಬೇರೆ, ಬೆಳಿಗ್ಗೆ ಕಚೇರಿ ತೆರೆಯುವ ತನಕ ಕಾಯುವುದು ಬೇರೆ.

ಅಡಿಕೆ ತೋಟ ಇರುವವರಿಗೆ ನಾನು ಹೇಳುತ್ತಿರುವುದು ಹೊಸದಲ್ಲ. ಬಸಿಗಾಲುವೆ ತೆಗೆಯುವಾಗ ಮೇಲಿನಿಂದ ಯಾರೂ ಶುರು ಮಾಡುವುದಿಲ್ಲ. ಮೊದಲು ನೀರು ಹೊರಬೀಳುವ ಬಾಯಿ ಬಿಡಿಸಿ, ಅಲ್ಲಿಂದ ಮೇಲಕ್ಕೆ ಬರುತ್ತಾರೆ. ನಮ್ಮ ಬೀದಿಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಅನುದಾನ ಬಂದ ನೂರು ಮೀಟರ್ ಮೊದಲು ಆಗುತ್ತದೆ, ಬಾಯಿ ಕೊನೆಗೆ ಉಳಿಯುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಐದಾರು ಜನ ಒಂದು ಭಾನುವಾರ ಬೆಳಿಗ್ಗೆ ಚರಂಡಿಯ ಜಾಡು ಹಿಡಿದು ಸುಮ್ನೆ ನಡೆದುಕೊಂಡು ಹೋದೆವು. ಕೈಯಲ್ಲಿ ಒಂದು ಟೇಪು, ಒಂದು ನೋಟ್‌ಬುಕ್ಕು. ಎರಡು ಕಡೆ ಚರಂಡಿ ಅಂಗಡಿ ಮೆಟ್ಟಿಲಿನ ಕೆಳಗೆ ಮಾಯವಾಗಿ ಮತ್ತೆ ಕಾಣಿಸಿತು. ಒಂದು ಕಡೆ ಕುಡಿಯುವ ನೀರಿನ ಪೈಪು ಅದರ ಮಧ್ಯದಲ್ಲೇ ಅಡ್ಡ ಹೋಗಿತ್ತು. ಕೊನೆಗೆ ಮೂರು ಅಡಿ ಅಗಲದ ಚರಂಡಿ ಒಂದೂವರೆ ಅಡಿಯ ಹಳೆಯ ಮೋರಿಗೆ ಹೋಗಿ ಸೇರಿತ್ತು. ನಾವು ಇಷ್ಟು ವರ್ಷ ಜಗಳ ಆಡಿದ್ದು ಬೀದಿಯ ಈ ತುದಿಯಲ್ಲಿ, ನೀರು ಕಟ್ಟುತ್ತಿದ್ದುದು ಆ ತುದಿಯಲ್ಲಿ. ಕೈಯಲ್ಲೇ ನಕ್ಷೆ ಬರೆದು, ಅಳತೆ ಹಾಕಿ, ಅರ್ಜಿಯ ಜೊತೆ ಕೊಟ್ಟೆವು. ಎಂಜಿನಿಯರ್ ಒಬ್ಬರು ಬಂದು ಮೋರಿಯ ಹತ್ತಿರ ನಿಂತು, ನಮ್ಮ ಕಾಗದ ಹಿಡಿದುಕೊಂಡೇ ಮತ್ತೊಮ್ಮೆ ಅಳತೆ ತೆಗೆದುಕೊಂಡರು. ಆ ಮೋರಿಯ ಎಸ್ಟಿಮೇಟ್ ಈಗ ಕಚೇರಿಯಲ್ಲಿದೆ.