ಶಾಲೆ ಶುರು, ಶೀತ ಶುರು, ಉಬ್ಬಸ ಶುರು

ಮಂಗಳೂರು, ಉಡುಪಿಯಲ್ಲಿ ಮಳೆಗಾಲವೂ ಶಾಲೆಯೂ ಹೆಚ್ಚುಕಡಿಮೆ ಒಟ್ಟಿಗೇ ಶುರುವಾಗುತ್ತವೆ. ಜೂನ್ ಅರ್ಧ ಕಳೆಯುವಷ್ಟರಲ್ಲಿ ಅಂಗನವಾಡಿಗೆ ಹೋಗುವ ಮಗುವಿಗೆ ಮೂಗು ಸೋರುತ್ತದೆ, ಒಂದೆರಡು ರಾತ್ರಿ ಕಳೆದರೆ ಎದೆಯಲ್ಲಿ ಸುಂಯ್ ಸುಂಯ್. "ಮಳೆಗೆ ನೆನೆದದ್ದು" ಎನ್ನುತ್ತಾರೆ ಅಜ್ಜಿ. ಮಳೆಯ ಪಾಲು ಇಲ್ಲವೆಂದಲ್ಲ. ಆದರೆ ಚಿಕ್ಕ ಮಕ್ಕಳ ಉಬ್ಬಸ ಕೆರಳುವುದು ಬಹುಪಾಲು ಶೀತದ ವೈರಸ್‌ಗಳಿಂದ, ಅದರಲ್ಲೂ ರೈನೋವೈರಸ್‌ನಿಂದ. ಅಂದರೆ ಪಕ್ಕದಲ್ಲಿ ಕೂತ ಮಗುವಿನ ಸೀನಿನಿಂದ.

ಅದೇ ಶೀತ ಅಣ್ಣನಿಗೆ ಮೂಗಿನಲ್ಲೇ ಮುಗಿದು, ತಂಗಿಗೆ ಮಾತ್ರ ನೆಬ್ಯುಲೈಸರ್ ಹಿಡಿಸುವುದೇಕೆ?

ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನು ಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸಬೇಕು. ಅಲರ್ಜಿಯ ಒಲವಿರುವ ಎಷ್ಟೋ ಮಕ್ಕಳಲ್ಲಿ ಈ ಎಚ್ಚರಿಕೆ ತಡವಾಗುತ್ತದೆ, ಇಲ್ಲವೇ ಸಾಕಾಗುವುದಿಲ್ಲ. ಅಷ್ಟರಲ್ಲಿ ಪೆಟ್ಟು ತಿಂದ ಶ್ವಾಸನಾಳದ ಒಳಪದರ ಟಿಎಸ್‌ಎಲ್‌ಪಿ, ಐಎಲ್-33 ಎಂಬ ಬೇರೆಯೇ ಸಂಕೇತಗಳನ್ನು ಹೊರಬಿಡುತ್ತದೆ. ಅವುಗಳಿಂದ ಕೆರಳಿದ ಬಿಳಿ ರಕ್ತಕಣಗಳು ಐಎಲ್-5 ಮತ್ತು ಐಎಲ್-13 ಎಂಬ ಇನ್ನೆರಡು ಸಂಕೇತಗಳನ್ನು ತಯಾರಿಸುತ್ತವೆ. ಮೊದಲನೆಯದು ಇಯೊಸಿನೊಫಿಲ್ ಎಂಬ ಬಗೆಯ ಬಿಳಿ ರಕ್ತಕಣಗಳನ್ನು ಸಾಕಿ ಬೆಳೆಸಿದರೆ, ಎರಡನೆಯದು ಕಫ ಹೆಚ್ಚಿಸಿ ನಾಳದ ಸ್ನಾಯು ಸುಲಭವಾಗಿ ಬಿಗಿಯುವಂತೆ ಮಾಡುತ್ತದೆ. ಇದೆಲ್ಲ ಹೊಟ್ಟೆಹುಳುವನ್ನು ಓಡಿಸಲು ಬೇಕಾದ ಸಿದ್ಧತೆ. ವೈರಸ್‌ನೆದುರು ಹೆಚ್ಚೇನೂ ಉಪಯೋಗವಿಲ್ಲ. ಮಗುವಿನ ನಾಳವೋ ಮೊದಲೇ ಕಿರಿದು. ಅದರ ತ್ರಿಜ್ಯ ಅರ್ಧಕ್ಕಿಳಿದರೆ ಗಾಳಿಗೆ ತಡೆ ಸುಮಾರು 16 ಪಟ್ಟಾಗುತ್ತದೆ.

ಮಳೆಯ ಪಾಲು ಇರುವುದು ಹಾಸಿಗೆಯಲ್ಲಿ. ವಾರಗಟ್ಟಲೆ ಬಿಸಿಲು ಕಾಣದ ಹಾಸಿಗೆ, ದಿಂಬಿನಲ್ಲಿ ಧೂಳುನುಸಿ ಹುಲುಸಾಗಿ ಬೆಳೆಯುತ್ತದೆ. ಅದರ ಹಿಕ್ಕೆಯ ಕಿಣ್ವ ಶ್ವಾಸನಾಳದ ಕೋಶಗಳ ನಡುವಿನ ಬೆಸುಗೆಯನ್ನೇ ಕತ್ತರಿಸಬಲ್ಲದು. ಜೊತೆಗೆ ನುಸಿಗೆದುರಾಗಿ ಹುಟ್ಟುವ, ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯ, ಇಂಟರ್‌ಫೆರಾನ್ ಮಾಡಬೇಕಾದ ಕೋಶಗಳನ್ನೇ ಹಿಡಿದು ನಿಲ್ಲಿಸುತ್ತದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಶಾಲೆ ತೆರೆಯುವ ಮೊದಲೇ ಐಜಿಇ ತಡೆಯುವ ಒಮಾಲಿಝುಮ್ಯಾಬ್ ಚುಚ್ಚುಮದ್ದು ಕೊಟ್ಟಾಗ, 6 ವರ್ಷ ದಾಟಿದ ಮಕ್ಕಳಲ್ಲಿ ಆಸ್ತಮಾ ಕೆರಳುವುದು ಕಡಿಮೆಯಾಯಿತು. ಅಲರ್ಜಿಯೂ ಶೀತವೂ ಬೇರೆಬೇರೆ ಕಾಯಿಲೆಗಳೆಂಬ ನಮ್ಮ ಲೆಕ್ಕ ಇಲ್ಲಿ ತಪ್ಪುತ್ತದೆ.

ಹಾಗಾಗಿಯೇ "ಮಗುವಿಗೆ ಇಮ್ಯುನಿಟಿ ಕಮ್ಮಿ" ಎಂದು ಟಾನಿಕ್ ಕುಡಿಸುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿ ಶಕ್ತಿಗೆ ಕೊರತೆಯಿಲ್ಲ, ದಿಕ್ಕು ತಪ್ಪಿದೆ. (ಐದು ವರ್ಷದೊಳಗೆ ಎದೆ ಸುಂಯ್ಗುಟ್ಟಿದ ಮಕ್ಕಳಿಗೆಲ್ಲ ಆಸ್ತಮಾ ಇರುವುದಿಲ್ಲ, ಎಷ್ಟೋ ಮಕ್ಕಳಿಗೆ ಬೆಳೆಯುತ್ತಾ ತಾನೇ ನಿಲ್ಲುತ್ತದೆ.)

ಸಾಲ್ಬುಟಮಾಲ್ ಪಂಪ್ ಬಿಗಿದ ಸ್ನಾಯುವನ್ನಷ್ಟೇ ಸಡಿಲಿಸುತ್ತದೆ. ಒಳಗಿನ ಬಾವು ತಗ್ಗಿಸುವುದು ಸ್ಟಿರಾಯ್ಡ್ ಪಂಪ್. ವೈದ್ಯರು ಅದನ್ನು ದಿನವೂ ಎಂದು ಬರೆದುಕೊಟ್ಟಿದ್ದರೆ, ಮಗು ಆಟವಾಡಿಕೊಂಡಿದೆಯೆಂದು ನಾವಾಗಿ ನಿಲ್ಲಿಸುವಂತಿಲ್ಲ. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಮಾತು ತುಂಡಾಗುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.